ಇಂದಿನ ಧಮ್ಮ ಚಿಂತನೆ: ಹೊಸ ಗೆಳೆತನ ಗಟ್ಟಿಯಾಗುವುದು ಹೇಗೆ?



ಈ ವಾರದ ನಮ್ಮ ಅಧ್ಯಯನದ ವಿಷಯ ಗೆಳೆತನ. ಪಾಠ ಸ್ವಲ್ಪ ಉದ್ದವಿದೆ. ಬೆಳಗ್ಗೆ ಅರ್ಧ, ಸಂಜೆ ಅರ್ಧ ಓದಿದರೂ ನಡೆದೀತು. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರ ಹತ್ತಿರ ಕೂತು ಓದಿ ಹೇಳಿ.

*1. ಅರ್ಧವೋ, ಪೂರ್ತಿಯೋ?*

ಸಂಯುತ್ತ ನಿಕಾಯದಲ್ಲಿ ಉಪಡ್ಢ ಸುತ್ತ ಎಂಬ ಒಂದು ಸಣ್ಣ ಸುತ್ತವಿದೆ. ಪಾಲಿಯಲ್ಲಿ 'ಉಪಡ್ಢ' ಎಂದರೆ ಅರ್ಧ. ಬುದ್ಧರು ಶಾಕ್ಯರ ಊರೊಂದರಲ್ಲಿ ತಂಗಿದ್ದಾಗ ಆನಂದ ಥೇರರು ಬಂದು ತಮಗೆ ಹೊಳೆದ ಮಾತೊಂದನ್ನು ಹೇಳುತ್ತಾರೆ: ಒಳ್ಳೆಯ ಗೆಳೆತನವೆಂಬುದು ಈ ಧಮ್ಮಜೀವನದ ಅರ್ಧಭಾಗ. ಬುದ್ಧರು ಕೂಡಲೇ ತಿದ್ದುತ್ತಾರೆ. ಹಾಗೆನ್ನಬೇಡ ಆನಂದ, ಅದು ಅರ್ಧವಲ್ಲ, ಪೂರ್ತಿ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ಒಳ್ಳೆಯ ಗೆಳೆಯನಿದ್ದವನು ಅಷ್ಟಾಂಗ ಮಾರ್ಗದಲ್ಲಿ ಮುಂದೆ ಹೋಗುತ್ತಾನೆಂದು ಭರವಸೆಯಿಂದ ಹೇಳಬಹುದು.

ಇಂಥ ಗೆಳೆಯನಿಗೆ ಪಾಲಿಯಲ್ಲಿ 'ಕಲ್ಯಾಣಮಿತ್ತ' ಎಂಬ ಹೆಸರಿದೆ. ಕಲ್ಯಾಣ ಎಂದ ಕೂಡಲೇ ನಮಗೆ ಕಲ್ಯಾಣ ಮಂಟಪ ನೆನಪಾಗುತ್ತದೆ. ಹಾಸ್ಟೆಲಿನಲ್ಲಿ ಇದ್ದು ಓದಿದವರಿಗೆ ಸಮಾಜ ಕಲ್ಯಾಣ ಇಲಾಖೆ ನೆನಪಾಗುತ್ತದೆ. ಪಾಲಿಯಲ್ಲಿ ಆ ಪದಕ್ಕೆ ಒಳ್ಳೆಯದು, ಚೆಂದದ್ದು ಎಂಬ ಅರ್ಥ. ತನ್ನ ಒಳ್ಳೆಯತನದಿಂದ ನಮ್ಮನ್ನೂ ಒಳ್ಳೆಯದರ ಕಡೆಗೆ ಎಳೆದುಕೊಂಡು ಹೋಗುವವನು ಕಲ್ಯಾಣಮಿತ್ರ.

ಬಾಬಾಸಾಹೇಬರು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ್ದಾರೆ. ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಧಮ್ಮವು ಮೂಲತಃ ಸಾಮಾಜಿಕವಾದದ್ದು ಎಂದು ವಿವರಿಸುತ್ತಾರೆ. ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ. ಇಬ್ಬರು ಕೂಡಿ ಬಾಳತೊಡಗಿದ ಕೂಡಲೇ ಅವರ ನಡುವೆ ಧಮ್ಮಕ್ಕೆ ಜಾಗ ಬೇಕಾಗುತ್ತದೆ ಎಂಬುದು ಅವರ ವಿಚಾರದ ತಿರುಳು. ಹಾಗಾದರೆ ನಮ್ಮ ಧಮ್ಮದ ನಿಜವಾದ ಪರೀಕ್ಷೆ ನಡೆಯುವುದು ನಾವು ಮತ್ತೊಬ್ಬರ ಜೊತೆ ಹೇಗೆ ಇರುತ್ತೇವೆ ಎಂಬಲ್ಲಿ.

*2. ಗುಂಪಿನಲ್ಲಿ ಹತ್ತಿರ, ಮನೆಗೆ ದೂರ*

ಈಗ ನಮ್ಮ ಸ್ಥಿತಿ ನೋಡೋಣ. ಮೂರು ತಾಲೂಕುಗಳ ನಾವು ಬುದ್ಧ ಪೂರ್ಣಿಮೆಗೆ, ಏಪ್ರಿಲ್ 14ಕ್ಕೆ, ಅಕ್ಟೋಬರ್ 14ಕ್ಕೆ, ಡಿಸೆಂಬರ್ 6ಕ್ಕೆ ಕೂಡುತ್ತೇವೆ. ತ್ರಿಸರಣ, ಪಂಚಶೀಲ ಕೂಡಿ ಹೇಳುತ್ತೇವೆ. ಬಿಳಿ ಬಟ್ಟೆ ತೊಟ್ಟು ಒಂದೇ ಜಮಖಾನದ ಮೇಲೆ ಕೂರುತ್ತೇವೆ. ದಿನಾ ಬೆಳಗ್ಗೆ ಮೊಬೈಲಿನಲ್ಲಿ ಜೈ ಭೀಮ್ ಕಳಿಸುತ್ತೇವೆ. ಹೊಸಬರು ಸೇರಿದರೆ ಎಲ್ಲರಿಗೂ ಸಂತೋಷ. ಆದರೆ ಆ ಹೊಸಬರ ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಮನೆಮನೆಯ ವಂದನೆ ಮುಗಿದ ಮೇಲೆ ಕೇಳಿಬರುವ ಮಾತುಗಳು ನಿಮಗೂ ಗೊತ್ತು.

"ಊಟಾ ಮಾಡ್ಕೊಂಡ ಹೋಗ್ರಿ ಕಾಕಾರ."

"ಇಲ್ರೀ ತಂಗಿ, ಈಗಷ್ಟ ಆಗೇತಿ."

"ಅಕ್ಕಾರ, ನೀವಾದ್ರೂ ಒಂದ್ ತುತ್ತ ಉಣ್ರಿ."

"ಇವತ್ತ ಹೊಟ್ಟಿ ಸರಿಯಿಲ್ಲವ್ವಾ, ಮತ್ತೊಮ್ಮೆ ಬರ್ತೀನಿ."

ಒಂದೊಂದು ಸಲ ಈ ಮಾತು ನಿಜವೇ ಇರುತ್ತದೆ. ಬಸ್ಸು ತಪ್ಪುತ್ತದೆ, ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ. ಆದರೆ ಅದೇ ಹೊಟ್ಟೆ ಒಂದು ಓಣಿಯ ಮನೆಯಲ್ಲಿ ಸರಿಯಿದ್ದು ಇನ್ನೊಂದು ಓಣಿಯ ಮನೆಯಲ್ಲಿ ಮಾತ್ರ ಸರಿಯಿಲ್ಲದಂತಾದರೆ, ಅದು ಹೊಟ್ಟೆಯ ತೊಂದರೆಯಲ್ಲ. ನಮ್ಮನ್ನು ಊರ ಹೊರಗಿಟ್ಟ ರೋಗವೇ ನಮ್ಮೊಳಗೂ ಉಳಿದಿದೆ. ಹೊಲೆಯರ ಓಣಿ, ಮಾದರ ಓಣಿ, ಸಮಗಾರರ ಓಣಿ, ಢೋರರ ಓಣಿ ಎಂದು ಊರು ನಮ್ಮನ್ನು ಹಂಚಿಟ್ಟಿತ್ತು. ಹಂಚಿದವರು ಬೇರೆಯವರೇ ಆದರೂ ಆ ಗೆರೆಯನ್ನು ಇವತ್ತಿಗೂ ಅಳಿಸದೆ ಕಾಯುತ್ತಿರುವವರಲ್ಲಿ ನಾವೂ ಇದ್ದೇವೆ.

ಈ ಮಾತನ್ನು ಈಗ ಹೇಳಲೇಬೇಕಾದ ಕಾರಣವಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣ ಮಾಡಬಹುದೆಂದು ತೀರ್ಪು ಕೊಟ್ಟಿತು. ಅಲ್ಲಿಂದ ನಮ್ಮ ರಾಜ್ಯದಲ್ಲೂ ಸಮೀಕ್ಷೆ, ಪಾಲು, ಪ್ರಮಾಣ ಎಂಬ ಚರ್ಚೆ ಚಹಾದ ಅಂಗಡಿಯವರೆಗೂ ಬಂತು. ಪಾಲು ನ್ಯಾಯವಾಗಿ ಹಂಚಿಕೆಯಾಗಬೇಕು. ಹಿಂದುಳಿದವರಲ್ಲಿ ಇನ್ನೂ ಹಿಂದುಳಿದವರಿಗೆ ಅದು ಮುಟ್ಟಬೇಕು. ಅದನ್ನು ಕೇಳುವುದು ಹಕ್ಕು. ಆದರೆ ಅರ್ಜಿಯ ಕಲಮಿನಲ್ಲಿ ಬರೆದ ಹೆಸರು ಊಟದ ಪಂಕ್ತಿಯ ನಡುವೆ ಗೆರೆ ಎಳೆಯಬಾರದು. ಕಚೇರಿಯಲ್ಲಿ ಲೆಕ್ಕ ಬೇರೆ ಬೇರೆಯಾದಷ್ಟೂ ಮನೆಯಲ್ಲಿ ನಾವು ಹೆಚ್ಚು ಹತ್ತಿರವಾಗಬೇಕು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ನೆನಪು ಮಾಡಿಕೊಳ್ಳಿ. ಒಂಬತ್ತನೆಯದು ಮನುಷ್ಯರೆಲ್ಲ ಸಮಾನರೆಂದು ನಂಬುವ ಪ್ರತಿಜ್ಞೆ. ಹತ್ತನೆಯದು ಸಮಾನತೆಯನ್ನು ನೆಲೆಗೊಳಿಸಲು ಶ್ರಮಿಸುವ ಪ್ರತಿಜ್ಞೆ. ಎರಡನ್ನೂ ಸೇರಿಸಿ ಒಂದೇ ಮಾಡಬಹುದಿತ್ತು. ಬೇರೆ ಬೇರೆ ಇಟ್ಟಿದ್ದರಲ್ಲಿ ಅರ್ಥವಿದೆ. ನಂಬಿಕೆ ಕೂತಲ್ಲೇ ಆಗುತ್ತದೆ. ಶ್ರಮಕ್ಕೆ ಎದ್ದು ನಡೆಯಬೇಕು. ನಮ್ಮ ಲೆಕ್ಕದಲ್ಲಿ ಹತ್ತನೆಯ ಪ್ರತಿಜ್ಞೆಯ ಮೊದಲ ಹೆಜ್ಜೆ ಇನ್ನೊಂದು ಓಣಿಯ ಮನೆಯ ಹೊಸ್ತಿಲು.

ಆ ಹೊಸ್ತಿಲಿನವರೆಗೆ ನಮ್ಮನ್ನು ಕರೆದುಕೊಂಡು ಹೋಗಲು ಮೂರು ದಾರಿಗಳಿವೆ: ಕೂಡಿ ಪಾಲಿಸುವ ಶ್ರದ್ಧೆ, ಕೂಡಿ ಹೇಳುವ ಹಾಡು, ಕೂಡಿ ಉಣ್ಣುವ ಅನ್ನ. ಒಂದೊಂದಾಗಿ ನೋಡೋಣ.

*3. ಶ್ರದ್ಧೆ: ಮೊದಲು ತಲೆ ಬಾಗಿದವರು ಯಾರು?*

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ. ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ, ದೇವದತ್ತ ಎಂಬ ಕುಲೀನ ಯುವಕರು ಬುದ್ಧರ ಬಳಿ ಪಬ್ಬಜ್ಜೆ ಪಡೆಯಲು ಹೊರಡುತ್ತಾರೆ. ಜೊತೆಗೆ ಅವರ ಕ್ಷೌರಿಕ ಉಪಾಲಿ. ದಾರಿಯಲ್ಲಿ ಮೈಮೇಲಿನ ಒಡವೆಗಳನ್ನೆಲ್ಲ ಗಂಟು ಕಟ್ಟಿ ಉಪಾಲಿಯ ಕೈಗಿಟ್ಟು, ಇದರಿಂದ ನಿನ್ನ ಜೀವನ ಸಾಗುತ್ತದೆ, ಊರಿಗೆ ಹೋಗು ಎನ್ನುತ್ತಾರೆ. ಉಪಾಲಿ ಸ್ವಲ್ಪ ದೂರ ಹೋಗಿ ನಿಂತು ಯೋಚಿಸುತ್ತಾನೆ. ಈ ಒಡವೆ ಹಿಡಿದು ಊರಿಗೆ ಹೋದರೆ ಶಾಕ್ಯರು ತನ್ನನ್ನೇ ಕೊಲೆಗಾರನೆಂದು ಕೊಂದುಹಾಕಿಯಾರು ಎಂದು ಅವನಿಗೆ ಗೊತ್ತು. ದುಡಿಯುವ ಕುಲದವನಿಗೆ ಈ ಭಯ ಯಾರೂ ಕಲಿಸಿಕೊಡಬೇಕಾಗಿಲ್ಲ. ಗಂಟನ್ನು ಮರಕ್ಕೆ ತೂಗುಹಾಕಿ, ಬೇಕಾದವರು ಒಯ್ಯಲಿ ಎಂದು ಬಿಟ್ಟು ಹಿಂತಿರುಗುತ್ತಾನೆ.

ಮುಂದೆ ನಡೆದದ್ದು ದೊಡ್ಡದು. ಆ ಯುವಕರು ಬುದ್ಧರಲ್ಲಿ ಒಂದು ಬೇಡಿಕೆ ಇಡುತ್ತಾರೆ: ಉಪಾಲಿಗೆ ನಮಗಿಂತ ಮೊದಲು ಪಬ್ಬಜ್ಜೆ ಕೊಡಿ. ಆಗ ಅವನು ನಮಗೆ ಹಿರಿಯನಾಗುತ್ತಾನೆ, ನಾವು ಅವನನ್ನು ಕಂಡು ಎದ್ದು ನಿಂತು ಕೈ ಮುಗಿಯಬೇಕಾಗುತ್ತದೆ, ನಮ್ಮ ಶಾಕ್ಯ ಕುಲದ ಸೊಕ್ಕು ಇಳಿಯುತ್ತದೆ. ಬುದ್ಧರು ಹಾಗೆಯೇ ಮಾಡುತ್ತಾರೆ. ಮುಂದೆ ಇದೇ ಉಪಾಲಿ ವಿನಯದಲ್ಲಿ ಅಗ್ರನೆನಿಸಿ, ಮೊದಲ ಸಂಗೀತಿಯಲ್ಲಿ ವಿನಯಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಥೇರರಾದರು.

ಇಲ್ಲಿ ಕಲಿಯಬೇಕಾದ್ದು ಇಷ್ಟು. ಎಲ್ಲರೂ ಸಮಾನರು ಎಂದು ಆ ಯುವಕರು ಭಾಷಣ ಮಾಡಿದ್ದರೂ ಸಾಕಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಹಾಗೆ ಮಾಡದೆ ತಮ್ಮ ಸೊಕ್ಕು ಇಳಿಯುವಂಥ ಒಂದು ಕ್ರಮವನ್ನು ತಾವೇ ಕೇಳಿ ಪಡೆದರು. ನಮ್ಮ ಅಧ್ಯಯನ ಕೂಟದಲ್ಲೂ ಇಂಥ ಕ್ರಮ ಬೇಕು. ವಂದನೆ ಹೇಳಿಕೊಡುವವರು ಯಾವಾಗಲೂ ಒಂದೇ ಓಣಿಯವರು, ವೇದಿಕೆಯ ಮೇಲೆ ಕೂರುವವರು ಯಾವಾಗಲೂ ಅದೇ ನಾಲ್ಕು ನೌಕರದಾರರು, ಚಾಪೆ ಹಾಸುವವರು ಯಾವಾಗಲೂ ಅದೇ ಹುಡುಗರು ಎಂದಾದರೆ ಅದು ಹಳೆಯ ಊರೇ. ಬಟ್ಟೆಯ ಬಣ್ಣ ಮಾತ್ರ ಬದಲಾಗಿದೆ.

ಆ ಆರು ಮಂದಿಯಲ್ಲಿ ಇಬ್ಬರನ್ನು, ಅನುರುದ್ಧ ಮತ್ತು ಕಿಂಬಿಲರನ್ನು, ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತದಲ್ಲಿ ಮತ್ತೆ ಕಾಣುತ್ತೇವೆ. ಅವರ ಜೊತೆ ನಂದಿಯ ಎಂಬ ಮತ್ತೊಬ್ಬ ಭಿಕ್ಖು. ಮೂವರೂ ಗೋಸಿಂಗ ಎಂಬ ಸಾಲವನದಲ್ಲಿ ಕೂಡಿ ಇರುತ್ತಾರೆ. ಬುದ್ಧರು ಅಲ್ಲಿಗೆ ಬಂದಾಗ ಒಬ್ಬರು ಪಾತ್ರೆ, ಚೀವರ ತೆಗೆದುಕೊಳ್ಳುತ್ತಾರೆ, ಒಬ್ಬರು ಆಸನ ಹಾಕುತ್ತಾರೆ, ಒಬ್ಬರು ಕಾಲು ತೊಳೆಯಲು ನೀರು ಇಡುತ್ತಾರೆ. ನೀವು ಜಗಳವಿಲ್ಲದೆ ಹಾಲು ನೀರು ಬೆರೆತಂತೆ ಇದ್ದೀರಾ ಎಂದು ಬುದ್ಧರು ಕೇಳುತ್ತಾರೆ. ಇದ್ದೇವೆ ಎಂದರೆ ಬಿಡುವುದಿಲ್ಲ. ಹೇಗೆ ಇದ್ದೀರಿ ಎಂದು ಮತ್ತೆ ಕೇಳುತ್ತಾರೆ.

ಅನುರುದ್ಧರ ಉತ್ತರದಲ್ಲಿ ಮನೆಗೆಲಸದ ವಿವರಗಳಿವೆ. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿ, ಕುಡಿಯುವ ನೀರು, ತೊಳೆಯುವ ನೀರು ಇಡುತ್ತಾರೆ. ಕೊನೆಗೆ ಬಂದವರು ಉಳಿದದ್ದನ್ನು ಬೇಕಿದ್ದರೆ ಉಂಡು, ಎಲ್ಲವನ್ನೂ ತೆಗೆದಿಟ್ಟು ಕಸ ಗುಡಿಸುತ್ತಾರೆ. ನೀರಿನ ಕೊಡ ಬರಿದಾದದ್ದನ್ನು ಕಂಡವರು ತುಂಬುತ್ತಾರೆ. ಭಾರವಿದ್ದರೆ ಕೈಸನ್ನೆ ಮಾಡಿ ಮತ್ತೊಬ್ಬರನ್ನು ಕರೆದು ಕೂಡಿ ಎತ್ತುತ್ತಾರೆ. ನನ್ನ ಇಷ್ಟವನ್ನು ಬದಿಗಿಟ್ಟು ಇವರ ಇಷ್ಟದಂತೆ ಯಾಕೆ ನಡೆಯಬಾರದು ಎಂದು ಒಬ್ಬೊಬ್ಬರೂ ಅಂದುಕೊಳ್ಳುತ್ತಾರೆ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತಾಡುತ್ತಾರೆ.

ಹುಟ್ಟಿನಿಂದ ಆಳುಕಾಳುಗಳನ್ನು ಕಂಡ ಅನುರುದ್ಧ ಕಸ ಗುಡಿಸುತ್ತಿದ್ದಾರೆ, ಕೊಡ ಹೊರುತ್ತಿದ್ದಾರೆ. ಧಮ್ಮದ ಮಾತು ಐದು ದಿನಕ್ಕೊಮ್ಮೆ, ಕೊಡ ತುಂಬುವುದು ದಿನಾ. ಗೆಳೆತನ ಬೆಳೆಯುವ ಲೆಕ್ಕ ಹೀಗಿರುತ್ತದೆ. ಹಾಗೆಯೇ ಇನ್ನೊಂದು ಮಾತು: ನಮ್ಮ ಕೂಟ ಯಾರ ಮನೆಯಲ್ಲಿ ನಡೆದರೂ ಚಹಾದ ಕಪ್ಪು ತೊಳೆಯುವುದು ಆ ಮನೆಯ ತಾಯಿ, ಸೊಸೆಯರ ಪಾಲಿಗೇ ಬರುತ್ತದೆ. ಅವರು ಒಳಗೆ ತೊಳೆಯುತ್ತಿರುವಾಗ ಹೊರಗೆ ನಾವು ಸಮಾನತೆಯ ಮೇಲೆ ಚರ್ಚೆ ಮಾಡುತ್ತಿರುತ್ತೇವೆ. ಗಂಡಸರು ಅನುರುದ್ಧರಿಂದ ಇದನ್ನು ಕಲಿಯಬೇಕು.

*4. ಹಾಡು: ಬಾಗಿಲು ತೆರೆಸುವ ದನಿ*

ಸಿಗಾಲೋವಾದ ಸುತ್ತ ಓದಿದವರು ಒಮ್ಮೆ ಕೇಳಿದ್ದುಂಟು: ಕುಣಿತ ಎಲ್ಲಿ, ಹಾಡು ಎಲ್ಲಿ, ವಾದ್ಯ ಎಲ್ಲಿ ಎಂದು ಜಾತ್ರೆ ಹುಡುಕಿಕೊಂಡು ಅಲೆಯುವುದನ್ನು ಬುದ್ಧರು ಹಾನಿಯ ಪಟ್ಟಿಯಲ್ಲಿ ಸೇರಿಸಿದ್ದಾರೆ, ಹಾಗಾದರೆ ನಾವು ಹಾಡಬಾರದೇ? ಉಪೋಸಥದ ದಿನ ಅಷ್ಟಶೀಲ ಪಾಲಿಸುವವರು ಹಾಡು, ಕುಣಿತ ಬಿಡುತ್ತಾರೆ, ಅದು ಆ ದಿನದ ಸಂಯಮ. ಉಳಿದ ದಿನಗಳ ಬಗ್ಗೆ ದೀಘ ನಿಕಾಯದ ಸಕ್ಕಪಞ್ಹ ಸುತ್ತ ನೋಡಬೇಕು.

ರಾಜಗೃಹದ ಹತ್ತಿರ ಇಂದಸಾಲ ಗುಹೆಯಲ್ಲಿ ಬುದ್ಧರು ಕೂತಿದ್ದಾರೆ. ಸಕ್ಕನಿಗೆ ಅವರನ್ನು ಕಂಡು ಪ್ರಶ್ನೆ ಕೇಳುವ ಆಸೆ, ಆದರೆ ಧ್ಯಾನಸ್ಥರನ್ನು ನೇರವಾಗಿ ಮಾತಾಡಿಸಲು ಸಂಕೋಚ. ಪಂಚಸಿಖನೆಂಬ ಗಾಯಕನನ್ನು ಮುಂದೆ ಕಳಿಸುತ್ತಾನೆ. ಅವನು ಬಿಲ್ವದ ಮರದ ವೀಣೆ ನುಡಿಸುತ್ತ ಒಂದು ಹಾಡು ಹೇಳುತ್ತಾನೆ. ಆ ಹಾಡಿನಲ್ಲಿ ಬುದ್ಧ, ಧಮ್ಮದ ಮಾತಿನ ಜೊತೆ ಅವನ ಪ್ರೀತಿಯ ಹುಡುಗಿಯ ಮಾತೂ ಇದೆ! ಬುದ್ಧರು ಸಿಟ್ಟಾಗುವುದಿಲ್ಲ. ನಿನ್ನ ತಂತಿಯ ದನಿ ಹಾಡಿಗೆ ಹೊಂದಿದೆ, ಹಾಡು ತಂತಿಗೆ ಹೊಂದಿದೆ, ಒಂದು ಇನ್ನೊಂದನ್ನು ಮೀರುವುದಿಲ್ಲ ಎಂದು ಮೆಚ್ಚುತ್ತಾರೆ. ಆಮೇಲೆ ಸಕ್ಕ ಒಳಗೆ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ. ದೇವರು, ಗಂಧರ್ವರನ್ನು ನಾವು ಕಥೆಯ ಪಾತ್ರಗಳೆಂದೇ ಓದೋಣ. ಮಾತಿಗೆ ಸಂಕೋಚವಾದ ಕಡೆ ಹಾಡು ಮೊದಲು ಹೋಯಿತು, ಪ್ರಶ್ನೆ ಆಮೇಲೆ ಬಂತು. ಹೊಸಬರ ಸಂಕೋಚ ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ನಮ್ಮ ನೆಲವಂತೂ ಹಾಡಿನ ನೆಲ. ಮೂಡಲಗಿ ತಾಲೂಕಿನ ಕುಲಗೋಡ ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಊರು. ಕೌಜಲಗಿ ನಿಂಗಮ್ಮನವರು ಆ ಆಟದಲ್ಲಿ ಹೆಸರು ಮಾಡಿದ ಕಲಾವಿದೆ. ಅದರ ಕಥೆ ನಮ್ಮ ಧಮ್ಮದ್ದಲ್ಲದಿರಬಹುದು. ಆ ಕೊರಳು, ಆ ತಾಳ, ಹಿಮ್ಮೇಳದವರು ದನಿ ಕೂಡಿಸುವ ರೀತಿ ಎಲ್ಲರದ್ದು.

ಹಲಗಿಯ ಮಾತನ್ನೂ ಆಡಬೇಕು. ಊರ ಜಾತ್ರೆಗೆ, ಊರ ಹೆಣಕ್ಕೆ ಕರೆದಾಗ ಹೋಗಿ ಬಾರಿಸಲೇಬೇಕೆಂಬ ಬಿಟ್ಟಿ ಚಾಕರಿ ಅದಾಗಿತ್ತು. ಅದನ್ನು ಬಿಟ್ಟವರು ಸ್ವಾಭಿಮಾನದಿಂದ ಬಿಟ್ಟರು. ಈಗ ಭೀಮ ಜಯಂತಿಯ ಮೆರವಣಿಗೆಯಲ್ಲಿ ತಾವಾಗಿಯೇ ಹಲಗಿ ಹಿಡಿಯುವ ಹುಡುಗರಿದ್ದಾರೆ. ಅವರೂ ಸ್ವಾಭಿಮಾನದಿಂದಲೇ ಹಿಡಿಯುತ್ತಾರೆ. ಕೈ ಕಟ್ಟಿ ಬಾರಿಸಿಕೊಂಡದ್ದಕ್ಕೂ ಕೈ ಬಿಚ್ಚಿ ಬಾರಿಸುವುದಕ್ಕೂ ಬಹಳ ಅಂತರವಿದೆ. ಆದರೆ ಒಂದು ಎಚ್ಚರ ಬೇಕು. ಹಲಗಿ ಬಾರಿಸಲು ಮಾದರ ಓಣಿಯ ಹುಡುಗರನ್ನು ಕರೆದು, ಊಟದ ಹೊತ್ತಿಗೆ ದುಡ್ಡು ಕೈಗಿಟ್ಟು ಕಳಿಸಿದರೆ ನಾವು ಹಳೆಯ ಗೌಡರ ಕೆಲಸವನ್ನೇ ಮಾಡಿದಂತಾಯಿತು. ಬಾರಿಸಿದವರು ನಮ್ಮ ಪಂಕ್ತಿಯಲ್ಲೇ ಕೂತು ಉಣ್ಣಬೇಕು. ನಮ್ಮ ಮಕ್ಕಳೂ ಅವರ ಕಡೆಯಿಂದ ಹಲಗಿ ಕಲಿಯಬೇಕು.

ಈ ಕೂಡಿಕೆಗೆ ಕನ್ನಡದಲ್ಲಿ ದೊಡ್ಡ ಮಾದರಿಯಿದೆ. ಕವಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ 1975ರಲ್ಲಿ ಬಂತು. ಅದರ ಹೆಸರೇ 'ಹೊಲೆಮಾದಿಗರ ಹಾಡು'. ಊರು ಎರಡು ಓಣಿ ಮಾಡಿ ಇಟ್ಟಿದ್ದನ್ನು ಕವಿ ಒಂದೇ ಪದ ಮಾಡಿದರು. ಪ್ರೊ. ಬಿ. ಕೃಷ್ಣಪ್ಪ ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಆ ಹಾಡುಗಳನ್ನು ಎರಡೂ ಕಡೆಯವರು ಒಂದೇ ದನಿಯಲ್ಲಿ ಹೇಳಿದರು. ಗಡಿಯಾಚೆ ಮರಾಠಿಯಲ್ಲಿ ವಾಮನದಾದಾ ಕರ್ಡಕ್ ಬಾಬಾಸಾಹೇಬರ ವಿಚಾರವನ್ನು ಹಾಡು ಮಾಡಿ ಹಳ್ಳಿ ಹಳ್ಳಿ ಸುತ್ತಿದರು. ಗಡಿಭಾಗದ ನಮ್ಮ ಮನೆಗಳಲ್ಲಿ ಮರಾಠಿ ಭೀಮಗೀತೆಯೂ ಉಂಟು, ಕನ್ನಡದ ಹೋರಾಟದ ಹಾಡೂ ಉಂಟು. ಒಬ್ಬರಿಗೆ ಒಂದು ಬಂದರೆ ಮತ್ತೊಬ್ಬರಿಗೆ ಬರುವುದಿಲ್ಲ. ಅದು ಕೊರತೆಯಲ್ಲ, ಮಾತು ಶುರುಮಾಡಲು ಸಿಕ್ಕ ನೆವ. ಸಂಕೇಶ್ವರದ ಕಡೆಯವರು ಮರಾಠಿ ಹಾಡು ಹೇಳಲಿ, ಒಂದೊಂದು ನುಡಿಗೆ ನಿಂತು ಅರ್ಥ ಹೇಳಲಿ. ಮೂಡಲಗಿಯವರು ಕನ್ನಡದ್ದು ಕಲಿಸಲಿ.

ಡಿಜೆಯ ಬಗ್ಗೆ ಒಂದೇ ಮಾತು. ಆ ಸದ್ದಿನ ಮುಂದೆ ಪಕ್ಕದವರ ಹೆಸರು ಕೇಳಿದರೂ ಕೇಳಿಸುವುದಿಲ್ಲ. ಸೋಣ ಕೋಳಿವಿಸ ಎಂಬ ಭಿಕ್ಖುವಿಗೆ ಬುದ್ಧರು ವೀಣೆಯ ಉದಾಹರಣೆ ಕೊಟ್ಟದ್ದು ನೆನಪಿರಲಿ: ತಂತಿ ಬಹಳ ಬಿಗಿಯಾದರೂ ನಾದವಿಲ್ಲ, ಬಹಳ ಸಡಿಲಾದರೂ ನಾದವಿಲ್ಲ. ಗೆಳೆತನವೂ ಹಾಗೆ. ಹೊಸಬರನ್ನು ಒಂದೇ ದಿನ ಹತ್ತು ಕಾರ್ಯಕ್ರಮಕ್ಕೆ ಎಳೆದರೆ ತಂತಿ ಹರಿಯುತ್ತದೆ. ವರ್ಷಕ್ಕೊಮ್ಮೆ ಕಂಡರೆ ಜೋತು ಬೀಳುತ್ತದೆ.

*5. ಅನ್ನ: ಕರೆಯುವುದು ಮತ್ತು ಹೋಗುವುದು*

ನಮ್ಮ ಪಕ್ಕದ ಕೊಲ್ಹಾಪುರದ ಕಥೆ ಹಲವರಿಗೆ ಗೊತ್ತು. ಶಾಹೂ ಮಹಾರಾಜರ ಕುದುರೆ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ಕೆಲಸಗಾರರಿದ್ದರು. ಮೇಲ್ಜಾತಿಯವರ ನೀರು ಮುಟ್ಟಿದರೆಂದು ಅವರನ್ನು ಹೊಡೆದರು. ಇದು ಮಹಾರಾಜರಿಗೆ ತಿಳಿಯಿತು. ಗಂಗಾರಾಮರಿಗೆ ಸ್ವತಂತ್ರವಾಗಿ ದುಡಿಯಲು ನೆರವು ಕೊಟ್ಟರು. ಅವರು ಕೊಲ್ಹಾಪುರದಲ್ಲಿ ಚಹಾದ ಹೋಟೆಲ್ ತೆರೆದರು. ಹೋಟೆಲ್ ತೆರೆದರೇನು, ಮೇಲ್ಜಾತಿಯವರು ಒಳಗೆ ಕಾಲಿಡಲಿಲ್ಲ. ಆಗ ಮಹಾರಾಜರೇ ಗಾಡಿ ನಿಲ್ಲಿಸಿ ಗಂಗಾರಾಮರ ಕೈಯ ಚಹಾ ತರಿಸಿ ಕುಡಿದರು, ಜೊತೆಯಲ್ಲಿದ್ದವರಿಗೂ ಕುಡಿಸಿದರು. ಇದೇ ಶಾಹೂ ಮಹಾರಾಜರು 1920ರ ಮಾರ್ಚಿನಲ್ಲಿ ಮಾಣಗಾವದ ಬಹಿಷ್ಕೃತರ ಪರಿಷತ್ತಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಯುವಕ ಅಂಬೇಡ್ಕರರನ್ನು ತೋರಿಸಿದವರು. ಐದು ವರ್ಷಗಳ ನಂತರ, 1925ರ ಏಪ್ರಿಲಿನಲ್ಲಿ, ಬಾಬಾಸಾಹೇಬರು ನಮ್ಮ ನಿಪ್ಪಾಣಿಗೇ ಬಂದರು.

ಈ ಕಥೆಯ ಒಂದು ಅಂಶವನ್ನು ಗಮನಿಸಿ. ನೆರವಿನ ಹಣ ಕೊಟ್ಟು ಸುಮ್ಮನಾಗಿದ್ದರೆ ಅದು ಉಪಕಾರವಾಗಿ ಉಳಿಯುತ್ತಿತ್ತು. ಅವರ ಕೈಯ ಚಹಾ ಕುಡಿದಾಗ ಅದು ಗೌರವವಾಯಿತು. ಕೊಡುವುದು ಸುಲಭ, ನಮ್ಮ ಮನೆಗೆ ಕರೆದು ಉಣಿಸಿದರೆ ನಾವು ದೊಡ್ಡವರಾಗಿಯೇ ಉಳಿಯುತ್ತೇವೆ. ಅವರ ಮನೆಗೆ ಹೋಗಿ, ಅವರು ಕೊಟ್ಟ ತಂಬಿಗೆಯ ನೀರು ಕುಡಿದು, ಅವರು ಬಡಿಸಿದ ರೊಟ್ಟಿ ಉಂಡಾಗ ಇಬ್ಬರೂ ಸಮ. ಸಿಗಾಲೋವಾದ ಸುತ್ತದಲ್ಲಿ ಮಿತ್ರರನ್ನು ಉತ್ತರ ದಿಕ್ಕು ಎಂದು ಕರೆದು, ಅವರನ್ನು ಗೌರವಿಸುವ ಐದು ಬಗೆ ಹೇಳಿದ್ದಾರೆ: ದಾನ, ಪ್ರಿಯವಾದ ಮಾತು, ಹಿತದ ಕೆಲಸ, ಸಮಾನವಾಗಿ ಕಾಣುವುದು, ಕೊಟ್ಟ ಮಾತಿಗೆ ತಪ್ಪದಿರುವುದು. ಸಮಾನವಾಗಿ ಕಾಣುವುದಕ್ಕೆ ಪಾಲಿಯಲ್ಲಿ 'ಸಮಾನತ್ತತಾ' ಎನ್ನುತ್ತಾರೆ. ದಾನದ ಜೊತೆ ಇದು ಇಲ್ಲದಿದ್ದರೆ ದಾನ ಗೆಳೆತನವಾಗುವುದಿಲ್ಲ.

ಮಾತಿಗೆ ತಪ್ಪದಿರುವುದಕ್ಕೆ ಬುದ್ಧರ ಬಾಳಿನಿಂದಲೇ ಉದಾಹರಣೆ ಇದೆ. ಮಹಾಪರಿನಿಬ್ಬಾಣ ಸುತ್ತದಲ್ಲಿ ವೈಶಾಲಿಯ ಗಣಿಕೆ ಅಂಬಪಾಲಿ ಬುದ್ಧರನ್ನು ಮರುದಿನದ ಊಟಕ್ಕೆ ಕರೆಯುತ್ತಾಳೆ, ಅವರು ಒಪ್ಪುತ್ತಾರೆ. ಆಮೇಲೆ ಲಿಚ್ಛವಿ ಪ್ರಭುಗಳು ಬಂದು ಕರೆಯುತ್ತಾರೆ. ನಾಳಿನ ಊಟಕ್ಕೆ ಅಂಬಪಾಲಿಗೆ ಒಪ್ಪಿದ್ದೇನೆ ಎಂದು ಬುದ್ಧರು ಅವರಿಗೆ ಹೇಳಿ ಕಳಿಸುತ್ತಾರೆ. ನಮ್ಮಲ್ಲಿ ಏನಾಗುತ್ತದೆ? ಕೂಲಿಯವರ ಮನೆಗೆ ಬರುತ್ತೇನೆಂದವರು ಸಾಹೇಬರ ಮನೆಯ ಕರೆ ಬಂದ ಕೂಡಲೇ ಫೋನು ಮಾಡಿ ಮತ್ತೊಮ್ಮೆ ಬರ್ತೀನಿ ಎನ್ನುತ್ತಾರೆ. ಆ ಮನೆಯಲ್ಲಿ ಅಂದು ಕೆಲಸ ಬಿಟ್ಟು ಅಡಿಗೆ ಮಾಡಿರುತ್ತಾರೆ ಎಂಬುದು ನೆನಪಾಗುವುದಿಲ್ಲ.

ಅದೇ ಸುತ್ತದಲ್ಲಿ ಕಮ್ಮಾರರ ಚುಂದನ ಪ್ರಸಂಗವೂ ಇದೆ. ಅವನು ಬಡಿಸಿದ ಊಟದ ನಂತರ ಬುದ್ಧರು ತೀವ್ರ ಕಾಯಿಲೆಗೆ ಬೀಳುತ್ತಾರೆ. ಆ ನೋವಿನಲ್ಲೂ ಅವರ ಚಿಂತೆ ಚುಂದನ ಮೇಲೆ. ನನ್ನ ಊಟದಿಂದ ಹೀಗಾಯಿತೆಂದು ಅವನು ಕೊರಗಬಾರದು, ಯಾರೂ ಅವನನ್ನು ಹಾಗೆ ಕೊರಗಿಸಬಾರದು ಎಂದು ಆನಂದರಿಗೆ ಹೇಳುತ್ತಾರೆ. ಸಂಬೋಧಿಗೆ ಮೊದಲಿನ ಊಟದಷ್ಟೇ ಈ ಊಟವೂ ಪುಣ್ಯದ್ದು ಎನ್ನುತ್ತಾರೆ. ಅತಿಥಿಯಾದವನ ಕರ್ತವ್ಯವನ್ನು ಇದಕ್ಕಿಂತ ಚೆನ್ನಾಗಿ ಯಾರು ತೋರಿಸಿಯಾರು? ಉಂಡು ಬಂದ ಮನೆಯ ಬಗ್ಗೆ ಹೊರಗೆ ಬಂದು ಉಪ್ಪು ಹೆಚ್ಚಾಗಿತ್ತು, ಜಾಗ ಸಣ್ಣದಿತ್ತು ಎಂದು ಆಡಿಕೊಳ್ಳುವವರು ಚುಂದನ ಕಥೆ ಓದಬೇಕು.

*6. ಆತಿಥ್ಯ ಹೊರೆಯಾಗದಿರಲಿ*

ಕೂಲಿಯ ಮೇಲೆ ನಡೆಯುವ ಮನೆಗೆ ಹತ್ತು ಜನರ ಹೋಳಿಗೆ ಊಟ ಎಂದರೆ ವಾರದ ಸಂತೆಯ ದುಡ್ಡು. ಸಾಲ ಮಾಡಿ ಉಣಿಸಿದ ಊಟದಿಂದ ಗೆಳೆತನ ಬೆಳೆಯುವುದಿಲ್ಲ, ಮುಂದಿನ ಸಲ ಕರೆಯುವ ಭಯ ಬೆಳೆಯುತ್ತದೆ. ಆದ್ದರಿಂದ ಕೂಟದ ಊಟ ಸರಳವಿರಲಿ: ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಸಾಧ್ಯವಾದರೆ ಮಜ್ಜಿಗೆ. ಅದೂ ಆಗದಿದ್ದರೆ ಚಹಾ, ಚುರುಮರಿ ಸಾಕು. ರೊಟ್ಟಿ ಎಲ್ಲರೂ ಎರಡೆರಡು ಕಟ್ಟಿಕೊಂಡು ಬಂದು, ಬುಟ್ಟಿಯಲ್ಲಿ ಕೂಡಿಸಿ, ಯಾರ ರೊಟ್ಟಿ ಯಾರದೆಂದು ತಿಳಿಯದಂತೆ ಹಂಚಿ ಉಣ್ಣಬಹುದು.

ಗೆಳೆತನದ ಹೆಸರಿನಲ್ಲಿ ಬಾಟಲಿ ಬೇಡ. ಐದನೆಯ ಶೀಲವೂ, 22 ಪ್ರತಿಜ್ಞೆಗಳೂ ಇದನ್ನು ಹೇಳುತ್ತವೆ. ಕುಡಿತಕ್ಕೆ ಜೊತೆಯಾಗುವವನನ್ನು ಸಿಗಾಲೋವಾದ ಸುತ್ತ ಮಿತ್ರನ ವೇಷದವನು ಎಂದು ಕರೆಯುತ್ತದೆ. ನಮ್ಮ ಓಣಿಗಳಲ್ಲಿ ಆ ವೇಷದವರಿಂದ ಹಾಳಾದ ಮನೆಗಳನ್ನು ಎಣಿಸಲು ಬೆರಳು ಸಾಲುವುದಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭಾ, ಹಿರಣ್ಯಕೇಶಿ ತುಂಬಿ ಹರಿದಾಗ ಶಾಲೆಗಳಲ್ಲಿ ಗಂಜಿ ಕೇಂದ್ರಗಳಾದವು. ಹಲವು ಓಣಿಗಳ ಜನ ಒಂದೇ ಪಾತ್ರೆಯ ಅನ್ನ ಉಂಡರು. ಪ್ರತಿವರ್ಷ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆಯವರು ಮೌಢ್ಯ ವಿರೋಧಿ ಕಾರ್ಯಕ್ರಮ ಮಾಡುತ್ತಾರೆ. ಜನ ಅಲ್ಲೇ ಕೂತು ಹಾಡು ಕೇಳುತ್ತಾರೆ, ಅಲ್ಲೇ ಊಟ ಮಾಡುತ್ತಾರೆ. ಅಂದರೆ ನೆರೆ ಬಂದಾಗ ಕೂಡಿ ಉಣ್ಣಬಲ್ಲೆವು, ಸ್ಮಶಾನದಲ್ಲಿ ಕೂಡಿ ಉಣ್ಣಬಲ್ಲೆವು. ಮನೆಯ ಪಡಸಾಲೆಯಲ್ಲಿ ಆಗದೇ?

ಊಟದ ಹತ್ತಿರವೇ ನಿಲ್ಲಬಾರದು ಎಂಬುದನ್ನೂ ಮರೆಯಬಾರದು. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಸಹಪಂಕ್ತಿ ಭೋಜನದಿಂದಷ್ಟೇ ಜಾತಿ ಹೋಗಲಿಲ್ಲ, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ಸ್ಪಷ್ಟವಾಗಿ ಬರೆದರು. ನಾಳೆ ನಮ್ಮ ಮಕ್ಕಳು ಓಣಿ ದಾಟಿ ಸಂಗಾತಿಯನ್ನು ಆರಿಸಿಕೊಂಡರೆ, ಆ ದಿನ ನಾವು ಏನು ಹೇಳುತ್ತೇವೆ ಎಂಬುದು ಇವತ್ತು ಯಾರ ಮನೆಯಲ್ಲಿ ಉಣ್ಣುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ. ಉಂಡು, ಹಾಡಿ, ಕಷ್ಟಸುಖಕ್ಕೆ ಹೋಗಿ ಬಂದ ಮನೆ ಬೀಗರ ಮನೆಯಾಗಲು ಹೆಚ್ಚು ದೂರವಿಲ್ಲ.

*7. ಈ ತಿಂಗಳ ಅಭ್ಯಾಸ*

▪ ಈ ಗುಂಪಿಗೆ ಹೊಸದಾಗಿ ಸೇರಿದ ಒಂದು ಕುಟುಂಬವನ್ನು, ಅದರಲ್ಲೂ ನಿಮ್ಮದಲ್ಲದ ಓಣಿಯ ಕುಟುಂಬವನ್ನು ಆರಿಸಿಕೊಳ್ಳಿ. ಮೊದಲು ನೀವೇ ಅವರ ಮನೆಗೆ ಹೋಗಿ. ಮುಂಚಿತವಾಗಿ ತಿಳಿಸಿ ಹೋಗಿ. ಕೊಟ್ಟದ್ದನ್ನು ಬೇಡವೆನ್ನದೆ ತೆಗೆದುಕೊಳ್ಳಿ.

▪ ಹದಿನೈದು ದಿನದೊಳಗೆ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಹೊರಗಿನ ಕಟ್ಟೆಯ ಮೇಲೆ ಕೂರಿಸಬೇಡಿ, ಒಳಗೆ ಕೂರಿಸಿ. ಬೇರೆ ತಟ್ಟೆ, ಬೇರೆ ಲೋಟ ಬೇಡ.

▪ ಊಟಕ್ಕೆ ಮುಂಚೆ ತ್ರಿಸರಣ, ಪಂಚಶೀಲ. ಊಟದ ನಂತರ ಎರಡು ಹಾಡು: ಒಂದು ಅವರು ಕಲಿಸಲಿ, ಒಂದು ನೀವು ಕಲಿಸಿ.

▪ ಪಾತ್ರೆಗಳನ್ನು ಎರಡೂ ಮನೆಯ ಗಂಡಸರು ತೊಳೆಯಲಿ.

▪ ಅವರ ಮನೆಯ ಒಂದು ಕಷ್ಟ ಕೇಳಿ ತಿಳಿಯಿರಿ: ಮಗಳ ಕಾಲೇಜಿನ ಅರ್ಜಿ, ಅಜ್ಜಿಯ ಪಿಂಚಣಿ, ಆಸ್ಪತ್ರೆಯ ಓಡಾಟ. ಒಂದನ್ನಾದರೂ ಕೂಡಿ ಮುಗಿಸಿ. ಕೇಳಿದ ಗುಟ್ಟನ್ನು ಗುಂಪಿನಲ್ಲಿ ಹಾಕಬೇಡಿ.

*ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು*

1. ಉಪಾಲಿಗೆ ಮೊದಲು ಪಬ್ಬಜ್ಜೆ ಕೊಡಿ ಎಂದು ಕೇಳಿದಂತೆ, ನಮ್ಮ ಕೂಟದಲ್ಲಿ ನಾವು ಯಾವ ಕ್ರಮವನ್ನು ಬದಲಾಯಿಸಬಹುದು?

2. ಕಳೆದ ಒಂದು ವರ್ಷದಲ್ಲಿ ನಾವು ಊಟ ಮಾಡಿದ ಮನೆಗಳನ್ನು ನೆನಪು ಮಾಡಿಕೊಂಡರೆ, ಅದರಲ್ಲಿ ನಮ್ಮ ಓಣಿಯ ಹೊರಗಿನವು ಎಷ್ಟು?

3. ಕರೆದು ಉಣಿಸುವುದು, ಹೋಗಿ ಉಣ್ಣುವುದು: ನಮಗೆ ಯಾವುದು ಕಷ್ಟ? ಯಾಕೆ?

ಉತ್ತರಗಳನ್ನು ಗುಂಪಿನಲ್ಲಿ ಬರೆಯಬೇಕಾಗಿಲ್ಲ. ಮನೆಯವರ ಜೊತೆ ಮಾತಾಡಿ, ಮುಂದಿನ ಕೂಟಕ್ಕೆ ಬರುವಾಗ ಹೊಸ ಗೆಳೆಯರ ಕುಟುಂಬವನ್ನು ಜೊತೆಗೆ ಕರೆದುಕೊಂಡು ಬನ್ನಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.